ನಾಲ್ಕನೆಯ ನ್ಯೂಟ್ರಿನೊದ ಬೆನ್ನು ಹತ್ತಿ

1995ರಲ್ಲಿ ಅಮೆರಿಕದ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಪ್ರಬಂಧಗಳು ಬೆನ್ನಿಗೆ ಬೆನ್ನು ಹಚ್ಚಿ ಅಚ್ಚಾದವು. ಎರಡೂ ಒಂದೇ ಪ್ರಯೋಗಕ್ಕೆ ಸೇರಿದವು. ಎರಡಕ್ಕೂ ಒಂದೇ ತೊಟ್ಟಿಯಿಂದ ಬಂದ ಅಂಕಿಗಳೇ ಆಧಾರ. ಮೊದಲನೆಯದರ ವಾದ ಹೀಗಿತ್ತು: ನಮಗೆ ಕಾಣಬೇಕಿದ್ದದ್ದು ಸುಮಾರು ಎರಡು ಘಟನೆ, ಕಂಡದ್ದು ಒಂಬತ್ತು, ಹಾಗಾಗಿ ನ್ಯೂಟ್ರಿನೊಗಳು ದಾರಿಯಲ್ಲಿ ಬಗೆ ಬದಲಿಸಿರಬಹುದು. ಎರಡನೆಯದು ಅದನ್ನು ಸಾರಾಸಗಟಾಗಿ ಅಲ್ಲಗಳೆಯಿತು: ಕಂಡದ್ದು ಐದು, ಏನೂ ವಿಶೇಷ ನಡೆಯದಿದ್ದರೂ ಆರರಷ್ಟು ಕಾಣಬೇಕಿತ್ತು, ಇಲ್ಲಿ ಹೊಸದೇನಿಲ್ಲ. ಮೊದಲನೆಯದಕ್ಕೆ ತಂಡದ ಉದ್ದನೆಯ ಹೆಸರುಪಟ್ಟಿ ಇತ್ತು. ಎರಡನೆಯದಕ್ಕೆ ಒಬ್ಬನೇ ಲೇಖಕ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಜೇಮ್ಸ್ ಹಿಲ್. ಆತನೂ ಅದೇ ತಂಡದವನು.

ಸಂಶೋಧನಾ ವಿದ್ಯಾರ್ಥಿಯೊಬ್ಬ ಹಿರಿಯರ ಲೆಕ್ಕವನ್ನು ಒಪ್ಪದೆ ಬೇರೆ ಪ್ರಬಂಧ ಬರೆಯುವುದು, ಪತ್ರಿಕೆ ಅದನ್ನು ಹಿರಿಯರ ಪ್ರಬಂಧದ ಪಕ್ಕದಲ್ಲೇ ಹಾಕುವುದು, ಇವೆರಡೂ ಅಪರೂಪ. ಅಷ್ಟರಲ್ಲಿ ಸಂಗತಿ ಬೀದಿಗೂ ಬಿದ್ದಿತ್ತು. ಆ ವರ್ಷದ ಜನವರಿ ಕೊನೆಗೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ನ್ಯೂಟ್ರಿನೊಗೆ ತೂಕವಿದೆಯಂತೆ, ವಿಶ್ವದ ಕಾಣದ ದ್ರವ್ಯದ ಒಂದು ಪಾಲು ಇದೇ ಇರಬಹುದಂತೆ ಎಂದು ಸುದ್ದಿ ಮಾಡಿತ್ತು. ಪ್ರಬಂಧ ಅಚ್ಚಾಗುವುದಕ್ಕೆ ಮುಂಚೆಯೇ ತಂಡ ಎರಡು ಹೋಳಾಗಿತ್ತು. ಹೋಳಾದದ್ದು ಯಂತ್ರದ ವಿಚಾರಕ್ಕಲ್ಲ. ತೊಟ್ಟಿಯಲ್ಲಿ ಮಿಂಚಿದ ಯಾವ ಮಿಂಚನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದೇ ಜಗಳದ ಮೂಲ. ಆ ಜಗಳ ಮುಂದಿನ ಮೂವತ್ತು ವರ್ಷ ಬೇರೆ ಬೇರೆ ವೇಷದಲ್ಲಿ ನಡೆಯಿತು.

ತೊಟ್ಟಿ ಇದ್ದದ್ದು ನ್ಯೂ ಮೆಕ್ಸಿಕೊದ ಲಾಸ್ ಅಲಾಮೋಸ್‌ನಲ್ಲಿ. ಪ್ರಯೋಗದ ಹೆಸರು ಎಲ್‌ಎಸ್‌ಎನ್‌ಡಿ. ಅದರ ವಿಚಾರಕ್ಕೆ ಬರುವ ಮುನ್ನ ನ್ಯೂಟ್ರಿನೊ ಯಾರು ಏನು ಎಂಬ ಪರಿಚಯ ಬೇಕು, ಚುಟುಕಾಗಿ ಮುಗಿಸುತ್ತೇನೆ.

1930ರಲ್ಲಿ ವೋಲ್ಫ್‌ಗ್ಯಾಂಗ್ ಪೌಲಿ ಬೀಟಾ ವಿಕಿರಣದ ಶಕ್ತಿಯ ಲೆಕ್ಕ ಸರಿದೂಗಿಸಲು, ಕಣ್ಣಿಗೆ ಬೀಳದ ಕಣವೊಂದನ್ನು ಊಹಿಸಿದ. 1956ರಲ್ಲಿ ರೈನ್ಸ್ ಮತ್ತು ಕೋವನ್ ಪರಮಾಣು ರಿಯಾಕ್ಟರಿನ ಪಕ್ಕದಲ್ಲಿ ಅದನ್ನು ಹಿಡಿದರು. 1962ರಲ್ಲಿ ಬ್ರೂಕ್‌ಹೇವನ್‌ನ ವೇಗವರ್ಧಕದಲ್ಲಿ ಲೆಡರ್‌ಮನ್, ಶ್ವಾರ್ಟ್ಜ್, ಸ್ಟೈನ್‌ಬರ್ಗರ್ ಮೂವರು ಸೇರಿ ನ್ಯೂಟ್ರಿನೊ ಒಂದು ಬಗೆಯದಲ್ಲ ಎಂದು ತೋರಿಸಿದರು. ಎಲೆಕ್ಟ್ರಾನಿನ ಜೊತೆಗಾರ ಒಂದು, ಮ್ಯೂಯಾನ್ ಎಂಬ ಕಣದ ಜೊತೆಗಾರ ಇನ್ನೊಂದು. ಮೂರನೆಯದಾದ ಟೌ ನ್ಯೂಟ್ರಿನೊ ನೇರವಾಗಿ ಕಂಡದ್ದು 2000ದಲ್ಲಿ. ನಡುವೆ ನಮ್ಮ ಕೋಲಾರದ ಪಾಲೂ ಇದೆ. 1965ರಲ್ಲಿ ಚಿನ್ನದ ಗಣಿಯೊಳಗೆ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಹಿಡಿಯಿತು. ಎಂ.ಜಿ.ಕೆ. ಮೆನನ್, ಬಿ.ವಿ. ಶ್ರೀಕಂಠನ್ ಮೊದಲಾದವರಿದ್ದ ತಂಡ ಅದು. ದಕ್ಷಿಣ ಆಫ್ರಿಕಾದ ಗಣಿಯಲ್ಲಿ ಕಾದಿದ್ದ ರೈನ್ಸ್ ತಂಡದ ಪ್ರಬಂಧಕ್ಕಿಂತ ಕೆಲವೇ ದಿನ ಮುಂಚೆ ಕೋಲಾರದ ಪ್ರಬಂಧ ಪ್ರಕಟವಾಯಿತು. 1998ರಲ್ಲಿ ಜಪಾನಿನ ಸೂಪರ್ ಕಾಮಿಯೊಕಾಂಡೆ, ನ್ಯೂಟ್ರಿನೊ ಸಾಗುವ ದಾರಿಯಲ್ಲಿ ಬಗೆ ಬದಲಿಸುತ್ತದೆ ಎಂದು ಸಾರಿದ್ದು ಇದೇ ಜಾತಿಯ, ವಾಯುಮಂಡಲದ ನ್ಯೂಟ್ರಿನೊಗಳನ್ನು ಎಣಿಸಿ.

ಬಗೆ ಬದಲಿಸುವ ಈ ಗುಣವೇ ನಮ್ಮ ಕತೆಯ ಬೇರು. ಹುಟ್ಟುವಾಗ ಮ್ಯೂಯಾನ್ ನ್ಯೂಟ್ರಿನೊ ಆಗಿದ್ದದ್ದು ಒಂದಷ್ಟು ದೂರ ಹೋದ ಮೇಲೆ ಎಲೆಕ್ಟ್ರಾನ್ ನ್ಯೂಟ್ರಿನೊ ಆಗಿ ಸಿಗಬಹುದು. ಎಷ್ಟು ದೂರಕ್ಕೆ ಬದಲಾಗುತ್ತದೆ ಎಂಬುದು ಎರಡರ ಮೇಲೆ ನಿಂತಿದೆ. ಒಂದು, ನ್ಯೂಟ್ರಿನೊದ ಶಕ್ತಿ. ಇನ್ನೊಂದು, ಅದರೊಳಗೆ ಬೆರೆತಿರುವ ದ್ರವ್ಯರಾಶಿಗಳ ವರ್ಗಗಳ ನಡುವಿನ ವ್ಯತ್ಯಾಸ. ಸೂರ್ಯನಿಂದ ಬಂದ ನ್ಯೂಟ್ರಿನೊಗಳನ್ನು ಅಳೆದಾಗ ಈ ವ್ಯತ್ಯಾಸ ಒಂದು ಎಲೆಕ್ಟ್ರಾನ್‌ವೋಲ್ಟ್ ವರ್ಗದ ಲಕ್ಷದಲ್ಲಿ ಏಳೆಂಟು ಪಾಲು. ವಾಯುಮಂಡಲದವನ್ನು ಅಳೆದಾಗ ಸಾವಿರದಲ್ಲಿ ಎರಡೂವರೆ ಪಾಲು. ಮೂರು ನ್ಯೂಟ್ರಿನೊಗಳಿದ್ದರೆ ಸ್ವತಂತ್ರವಾದ ವ್ಯತ್ಯಾಸ ಎರಡೇ. ಮೂರನೆಯದು ಆ ಎರಡನ್ನು ಕೂಡಿದಾಗಲೋ ಕಳೆದಾಗಲೋ ಬರುವ ಸಂಖ್ಯೆ. ಅಲ್ಲಿಗೆ ಲೆಕ್ಕ ಮುಗಿಯಿತು.

ಲಾಸ್ ಅಲಾಮೋಸ್ ತೋರಿಸಿದ ಸಂಖ್ಯೆ ಒಂದರ ಆಸುಪಾಸಿನದು. ಲಕ್ಷದ ಪಾಲೂ ಅಲ್ಲ, ಸಾವಿರದ ಪಾಲೂ ಅಲ್ಲ. ಯಾವ ರೀತಿ ಕೂಡಿ ಕಳೆದರೂ ಅದು ಬರುವುದಿಲ್ಲ. ಹಾಗಾದರೆ ನಾಲ್ಕನೆಯ ನ್ಯೂಟ್ರಿನೊ ಇರಬೇಕು. ಆದರೆ ಆ ಬಾಗಿಲನ್ನು ಜಿನೀವಾದ ಸರ್ನ್ ಆಗಲೇ ಮುಚ್ಚಿತ್ತು. ಅಲ್ಲಿನ ಲೆಪ್ ಯಂತ್ರದಲ್ಲಿ ಝಡ್ ಎಂಬ ಕಣ ಒಡೆಯುವ ರೀತಿಯನ್ನು ಅಳೆದಾಗ ನ್ಯೂಟ್ರಿನೊಗಳ ಸಂಖ್ಯೆ 2.984 ಎಂದು ಬಂದಿತ್ತು, ಹೆಚ್ಚುಕಡಿಮೆ 0.008 ಅಷ್ಟೆ. ಅಂದರೆ ಮೂರೇ. ನಾಲ್ಕನೆಯದೊಂದು ಇದ್ದರೆ ಅದು ಝಡ್ ಕಣದ ಕಣ್ಣಿಗೂ ಬೀಳಬಾರದು. ಪರಮಾಣುಗಳ ಜೊತೆ ನೇರ ವ್ಯವಹಾರ ಇರಲೇಬಾರದು. ಉಳಿದ ಮೂವರೊಂದಿಗೆ ಬೆರೆಯುವುದಷ್ಟೇ ಅದರ ಇರವಿನ ಸಾಕ್ಷಿ. ಇಂಥದ್ದಕ್ಕೆ ‘ಸ್ಟೆರೈಲ್ ನ್ಯೂಟ್ರಿನೊ’ ಎಂಬ ಹೆಸರನ್ನು ಬ್ರೂನೊ ಪಾಂಟೆಕೊರ್ವೊ 1967ರಲ್ಲೇ ಇಟ್ಟಿದ್ದ. ಇಟಲಿಯಲ್ಲಿ ಎನ್ರಿಕೊ ಫರ್ಮಿಯ ಶಿಷ್ಯನಾಗಿದ್ದು, 1950ರಲ್ಲಿ ಸೋವಿಯತ್ ರಷ್ಯಾಕ್ಕೆ ಹೋಗಿಬಿಟ್ಟ ಮನುಷ್ಯ. ನ್ಯೂಟ್ರಿನೊ ಬಗೆ ಬದಲಿಸಬಹುದೆಂಬ ಯೋಚನೆಯನ್ನು ಮೊದಲು ಮುಂದಿಟ್ಟವನೂ ಅವನೇ.

ಈಗ ತೊಟ್ಟಿಯೊಳಗೆ ಇಣುಕೋಣ. ಲಾಸ್ ಅಲಾಮೋಸ್‌ನ ವೇಗವರ್ಧಕ 80 ಕೋಟಿ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಪ್ರೋಟಾನುಗಳನ್ನು ಗುರಿಯೊಂದಕ್ಕೆ ಬಡಿಯುತ್ತದೆ. ಬಡಿತಕ್ಕೆ ಪಯಾನು ಎಂಬ ಕಣಗಳು ಹುಟ್ಟುತ್ತವೆ. ಧನ ಪಯಾನು ಲೋಹದಲ್ಲೇ ನಿಂತು ಒಡೆದು ಧನ ಮ್ಯೂಯಾನಾಗುತ್ತದೆ, ಆ ಮ್ಯೂಯಾನೂ ನಿಂತು ಒಡೆಯುತ್ತದೆ. ಎರಡು ಹಂತದಲ್ಲಿ ಮೂರು ಬಗೆಯವು ಹೊರಬೀಳುತ್ತವೆ: ಮ್ಯೂಯಾನ್ ನ್ಯೂಟ್ರಿನೊ, ಅದರ ಪ್ರತಿಕಣ, ಎಲೆಕ್ಟ್ರಾನ್ ನ್ಯೂಟ್ರಿನೊ. ಹುಟ್ಟದೆ ಇರುವುದು ಎಲೆಕ್ಟ್ರಾನ್ ನ್ಯೂಟ್ರಿನೊದ ಪ್ರತಿಕಣ. ಅದನ್ನು ಕೊಡಬಹುದಾದ ಋಣ ಪಯಾನುಗಳನ್ನು ಲೋಹದ ಪರಮಾಣುಗಳು ಬಹುಪಾಲು ನುಂಗಿಹಾಕುತ್ತವೆ. ಈ ಇಲ್ಲದಿರುವಿಕೆಯೇ ಪ್ರಯೋಗದ ಜಾಣತನ. ಇರಬಾರದ್ದು ಮೂವತ್ತು ಮೀಟರ್ ಆಚೆ ಕಂಡರೆ, ಅದು ದಾರಿಯಲ್ಲಿ ಬದಲಾಗಿಯೇ ಬಂದಿರಬೇಕು.

ಆ ಮೂವತ್ತು ಮೀಟರ್ ಆಚೆ 167 ಟನ್ ಮಿನರಲ್ ಆಯಿಲ್ ತುಂಬಿದ ತೊಟ್ಟಿ. ಒಳಗೋಡೆಗೆಲ್ಲ ಬೆಳಕು ಹಿಡಿಯುವ 1,220 ಫೋಟೊಟ್ಯೂಬುಗಳು. ಪ್ರತಿ-ಎಲೆಕ್ಟ್ರಾನ್-ನ್ಯೂಟ್ರಿನೊ ಒಂದು ಬಂದು ಎಣ್ಣೆಯ ಹೈಡ್ರೋಜನ್ನಿನ ಪ್ರೋಟಾನಿಗೆ ತಗುಲಿದರೆ ಒಂದು ಪಾಸಿಟ್ರಾನ್, ಒಂದು ನ್ಯೂಟ್ರಾನ್ ಹೊರಡುತ್ತವೆ. ಪಾಸಿಟ್ರಾನ್ ಕೂಡಲೇ ಬೆಳಕು ಚೆಲ್ಲುತ್ತದೆ. ನ್ಯೂಟ್ರಾನ್ ಎಣ್ಣೆಯೊಳಗೆ ಅಲೆದು, ಸರಾಸರಿ 186 ಮೈಕ್ರೊಸೆಕೆಂಡಿನ ಮೇಲೆ ಮತ್ತೊಂದು ಪ್ರೋಟಾನಿಗೆ ಅಂಟಿಕೊಂಡು, 22 ಲಕ್ಷ ಎಲೆಕ್ಟ್ರಾನ್‌ವೋಲ್ಟಿನ ಗಾಮಾ ಕಿರಣವೊಂದನ್ನು ಉಗುಳುತ್ತದೆ. ಮೊದಲು ದೊಡ್ಡ ಮಿಂಚು, ಆಮೇಲೆ ಅದರ ಹತ್ತಿರದಲ್ಲೇ ಸಣ್ಣ ಮಿಂಚು. ಈ ಜೋಡಿ ಕಂಡರೆ ಒಂದು ಅಂಕ. ತೊಂದರೆ ಎಂದರೆ ಆಕಾಶದಿಂದ ಸುರಿಯುವ ವಿಶ್ವಕಿರಣಗಳೂ ತೊಟ್ಟಿಯಲ್ಲಿ ಮಿಂಚುತ್ತವೆ. ಅದಕ್ಕೆ ವೇಗವರ್ಧಕ ಪ್ರೋಟಾನು ಬಿಡದೆ ಇರುವ ಹೊತ್ತಿನಲ್ಲಿ ಎಷ್ಟು ಮಿಂಚುತ್ತದೆಂದು ಎಣಿಸಿ, ಅದನ್ನು ಕಳೆದು, ಉಳಿದದ್ದನ್ನು ನೋಡುವುದು ಕ್ರಮ. ಕೆಲಸವೆಲ್ಲ ಕಳೆಯುವುದರಲ್ಲಿದೆ.

ಎಲ್‌ಎಸ್‌ಎನ್‌ಡಿ 1993ರಿಂದ 1998ರವರೆಗೆ ಓಡಿತು. 2001ರಲ್ಲಿ ಕೊಟ್ಟ ಕೊನೆಯ ಲೆಕ್ಕದಲ್ಲಿ, ಕಳೆಯಬೇಕಾದ್ದೆಲ್ಲ ಕಳೆದ ಮೇಲೆ 87.9 ಘಟನೆಗಳು ಮಿಕ್ಕಿದ್ದವು, ಅನಿಶ್ಚಿತತೆ ಇಪ್ಪತ್ತೆರಡು-ಇಪ್ಪತ್ತಮೂರು. ಭೌತವಿಜ್ಞಾನಿಗಳ ಅಳತೆಯಲ್ಲಿ ಇದು 3.8 ಸಿಗ್ಮಾ. ಐದು ಸಿಗ್ಮಾ ಮುಟ್ಟಿದರೆ ಕಣಭೌತಶಾಸ್ತ್ರದಲ್ಲಿ ಆವಿಷ್ಕಾರ ಎನ್ನುತ್ತಾರೆ. 3.8 ಎಂದರೆ ತಳ್ಳಿಹಾಕಲೂ ಆಗದ, ಒಪ್ಪಿಕೊಳ್ಳಲೂ ಆಗದ ಜಾಗ. ಸಾವಿರ ನ್ಯೂಟ್ರಿನೊಗಳಲ್ಲಿ ಎರಡೋ ಮೂರೋ ಬಗೆ ಬದಲಿಸಿವೆ ಎಂಬುದು ಅದರ ಅರ್ಥ.

ಇದೇ ಕಾಲದಲ್ಲಿ ಇಂಗ್ಲೆಂಡಿನ ರುದರ್‌ಫರ್ಡ್ ಆಪಲ್ಟನ್ ಪ್ರಯೋಗಾಲಯದಲ್ಲಿ ಕಾರ್ಮೆನ್ ಎಂಬ ಪ್ರಯೋಗ ಇದೇ ಕೆಲಸ ಮಾಡುತ್ತಿತ್ತು. ಐಸಿಸ್ ಎಂಬ ಯಂತ್ರದ ಪ್ರೋಟಾನುಗಳು ಗುರಿಗೆ ಬೀಳುವ ಜಾಗದಿಂದ 17.7 ಮೀಟರ್ ದೂರ, 56 ಟನ್ ದ್ರವ, ಸುತ್ತ ಏಳು ಸಾವಿರ ಟನ್ ಉಕ್ಕಿನ ಕೋಟೆ. ಅಲ್ಲಿನ ಪ್ರೋಟಾನುಗಳು ಬಹಳ ಚಿಕ್ಕ ಚಿಕ್ಕ ಕಂತುಗಳಲ್ಲಿ ಬರುತ್ತಿದ್ದುದರಿಂದ ವಿಶ್ವಕಿರಣದ ಕಾಟ ಕಡಿಮೆ. ಕಾರ್ಮೆನ್‌ಗೆ ಕಂಡದ್ದು 15, ಬೇರೆ ಕಾರಣಗಳಿಂದ, ಅಂದರೆ ಹಿನ್ನೆಲೆಯಾಗಿ, ನಿರೀಕ್ಷಿಸಿದ್ದು 15.8. ಹೆಚ್ಚಳ ಸೊನ್ನೆ. ಆದರೂ ದೂರ ಬೇರೆ, ಗಾತ್ರ ಬೇರೆ ಆದ್ದರಿಂದ ಅದು ಲಾಸ್ ಅಲಾಮೋಸ್ ಹೇಳಿಕೆಯ ಒಂದು ಭಾಗವನ್ನು ಮಾತ್ರ ಅಳಿಸಿತು, ಇನ್ನೊಂದು ಭಾಗ ಹಾಗೇ ಉಳಿಯಿತು. ಎಲ್‌ಎಸ್‌ಎನ್‌ಡಿ ತಪ್ಪು ಎನ್ನುವವರಿಗೂ ಸರಿ ಎನ್ನುವವರಿಗೂ ಅದರಲ್ಲಿ ಸಮಾಧಾನ ಸಿಕ್ಕಿತು. ನನಗೆ ಕೇಳಿದರೆ, ಯಾರಿಗೂ ನೋವಾಗದ ಇಂಥ ಫಲಿತಾಂಶ ವಿಜ್ಞಾನಕ್ಕೆ ಒಳ್ಳೆಯದಲ್ಲ.

ಹಾಗಾಗಿ ಇನ್ನೊಂದು ಪ್ರಯೋಗ ಬೇಕಾಯಿತು. ಲಾಸ್ ಅಲಾಮೋಸ್‌ನ ಬಿಲ್ ಲೂಯಿ, ಆಗ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಜಾನೆಟ್ ಕಾನ್ರಾಡ್ ಮುಂದಾಳತ್ವದ ತಂಡವೊಂದು ಶಿಕಾಗೊ ಹತ್ತಿರದ ಫರ್ಮಿಲ್ಯಾಬ್‌ಗೆ ಹೋಯಿತು. ಅವರ ಉಪಾಯ ಸರಳ: ದೂರವನ್ನೂ ಶಕ್ತಿಯನ್ನೂ ಒಟ್ಟಿಗೆ ಹಿಗ್ಗಿಸುವುದು. ಬಗೆ ಬದಲಾವಣೆ ಈ ಎರಡರ ಅನುಪಾತವನ್ನು ಮಾತ್ರ ನೋಡುತ್ತದೆ. ಮೂವತ್ತು ಮೀಟರಿನ ಬದಲು 541 ಮೀಟರ್, ಕೆಲವು ಕೋಟಿ ಎಲೆಕ್ಟ್ರಾನ್‌ವೋಲ್ಟಿನ ಬದಲು ಎಪ್ಪತ್ತೆಂಬತ್ತು ಕೋಟಿ. ಅನುಪಾತ ಹಳೆಯದೇ, ಮಿಕ್ಕಿದ್ದೆಲ್ಲ ಹೊಸದು. ಎಲ್‌ಎಸ್‌ಎನ್‌ಡಿ ಎಲ್ಲಿ ಎಡವಿರಬಹುದೋ ಅಲ್ಲಿ ಇದು ಎಡವುವುದಿಲ್ಲ. ಹೆಸರು ಮಿನಿಬೂನ್. ಮಿನಿ ಏಕೆಂದರೆ, ಏನಾದರೂ ಕಂಡರೆ ಎರಡನೆಯ ತೊಟ್ಟಿ ಕಟ್ಟಿ ಪೂರ್ಣ ‘ಬೂನ್’ ಮಾಡುವ ಆಸೆಯಿತ್ತು. ಆ ಎರಡನೆಯ ತೊಟ್ಟಿಯನ್ನು ಕಟ್ಟಲೇ ಇಲ್ಲ.

ಅಲ್ಲಿನ ಬೂಸ್ಟರ್ ಎಂಬ ವೇಗವರ್ಧಕ ಪ್ರೋಟಾನುಗಳನ್ನು ಬೆರಿಲಿಯಂ ಗುರಿಗೆ ಹೊಡೆಯುತ್ತದೆ. ಹುಟ್ಟಿದ ಪಯಾನುಗಳನ್ನು ಒಂದು ಲಕ್ಷದ 74 ಸಾವಿರ ಆಂಪಿಯರ್ ವಿದ್ಯುತ್ ಹರಿಯುವ ಕಾಂತೀಯ ಹಾರ್ನ್ ಒಂದೇ ದಿಕ್ಕಿಗೆ ಕೂಡಿಸುತ್ತದೆ. ಐವತ್ತು ಮೀಟರಿನ ಸುರಂಗದಲ್ಲಿ ಹಾರುತ್ತಲೇ ಅವು ಒಡೆದು ನ್ಯೂಟ್ರಿನೊಗಳಾಗುತ್ತವೆ. ಆಮೇಲೆ ಬರೀ ಮಣ್ಣು. ಕೊನೆಗೆ ಹನ್ನೆರಡು ಮೀಟರ್ ಅಡ್ಡಗಲದ, ಗುಂಡಗಿನ ಉಕ್ಕಿನ ತೊಟ್ಟಿ. ಅದರ ತುಂಬ ಎಂಟು ನೂರು ಟನ್ನಿನಷ್ಟು ಮಿನರಲ್ ಆಯಿಲ್. ಫೋಟೊಟ್ಯೂಬುಗಳಲ್ಲಿ ಬಹುಪಾಲು ಲಾಸ್ ಅಲಾಮೋಸ್‌ನ ಹಳೆಯ ತೊಟ್ಟಿಯಿಂದ ಬಿಚ್ಚಿ ತಂದವು. 2002ರಲ್ಲಿ ಓಟ ಶುರುವಾಯಿತು.

1995ರ ಜಗಳದಿಂದ ಈ ತಂಡ ಒಂದು ಪಾಠ ಕಲಿತಿತ್ತು. ಫಲಿತಾಂಶ ಕಣ್ಣೆದುರಿಗಿದ್ದರೆ, ಯಾವ ಘಟನೆಯನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎನ್ನುವಾಗ ಮನಸ್ಸು ತನಗೆ ಬೇಕಾದ ಕಡೆ ವಾಲುತ್ತದೆ. ಅದಕ್ಕೆ ಮಿನಿಬೂನ್ ತನ್ನ ಅತಿ ಮುಖ್ಯ ಅಂಕಿಗಳನ್ನು ಪರೀಕ್ಷೆಯ ದಿನದವರೆಗೆ ಪ್ರಶ್ನೆಪತ್ರಿಕೆಯ ಬಂಡಲಿಗೆ ಮೊಹರು ಹಾಕಿಡುವಂತೆ ಮುಚ್ಚಿಟ್ಟಿತು. ಕಂಪ್ಯೂಟರಿನಲ್ಲಿ ಎಲೆಕ್ಟ್ರಾನ್ ನ್ಯೂಟ್ರಿನೊ ಥರ ಕಾಣುವ ಘಟನೆಗಳನ್ನು ಯಾರೂ ತೆರೆದು ನೋಡುವಂತಿಲ್ಲ. ಆಯ್ಕೆಯ ನಿಯಮಗಳೆಲ್ಲ ಮೊದಲೇ ಬರೆದು ಮುಗಿಯಬೇಕು. ಹೀಗೆ ವರ್ಷಗಳೇ ಕಳೆದವು.

2007ರ ಮಾರ್ಚ್‌ನಲ್ಲಿ ಪೆಟ್ಟಿಗೆ ತೆರೆಯುವ ಹೊತ್ತು ಬಂತು. ಒಂದೇ ಏಟಿಗೆ ತೆರೆಯಲಿಲ್ಲ. ಮೊದಲು ಅಂಕಿಗಳು ಸಿದ್ಧಾಂತದೊಂದಿಗೆ ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬ ಅಂಕವನ್ನಷ್ಟೇ ಕಂಪ್ಯೂಟರ್ ಹೇಳಬೇಕು. ಹೆಚ್ಚಳ ಇದೆಯೋ ಇಲ್ಲವೋ ಎಂಬುದನ್ನು ಹೇಳಬಾರದು. ಒಂದು ಕಡೆ ಹೊಂದಿಕೆ ತೀರಾ ಕೆಟ್ಟದಾಗಿ ಬಂತು, ನೂರಕ್ಕೆ ಒಂದರಷ್ಟು. ಕಡಿಮೆ ಶಕ್ತಿಯ ಘಟನೆಗಳಲ್ಲಿ ಹಿನ್ನೆಲೆ ಹೆಚ್ಚು, ತೊಂದರೆ ಅಲ್ಲೇ ಇರಬೇಕೆಂದು ಅಂದಾಜಿಸಿ, ಲೆಕ್ಕಕ್ಕೆ ಹಿಡಿಯುವ ಕನಿಷ್ಠ ಶಕ್ತಿಯನ್ನು 30 ಕೋಟಿ ಎಲೆಕ್ಟ್ರಾನ್‌ವೋಲ್ಟಿನಿಂದ 47.5 ಕೋಟಿಗೆ ಏರಿಸಿದರು. ಆಮೇಲೆ ಪೂರ್ತಿ ತೆರೆದರು.

ಏರಿಸಿದ ಗೆರೆಯ ಮೇಲೆ 380 ಘಟನೆಗಳು. ಇರಬೇಕಾದದ್ದು 358, ನಲವತ್ತರಷ್ಟು ಅನಿಶ್ಚಿತತೆ. ಹೆಚ್ಚಳವಿಲ್ಲ. ಏಪ್ರಿಲ್ 11ರಂದು ಫರ್ಮಿಲ್ಯಾಬ್ ಜಗತ್ತಿಗೆ ತಿಳಿಸಿತು: ಎಲ್‌ಎಸ್‌ಎನ್‌ಡಿ ಹೇಳಿದ ಸರಳ ಬಗೆ ಬದಲಾವಣೆ ಇಲ್ಲ. ಆದರೆ ಬಿಟ್ಟುಬಿಟ್ಟ ಗೆರೆಯ ಕೆಳಗೆ ನೋಡಿದರೆ, ಮೂವತ್ತರಿಂದ 47.5 ಕೋಟಿಯ ನಡುವೆ, ತೊಂಬತ್ತಾರು ಘಟನೆಗಳು ಹೆಚ್ಚಾಗಿ ಕೂತಿದ್ದವು. ಲಾಸ್ ಅಲಾಮೋಸ್ ಹೇಳಿದ ಆಕಾರದಲ್ಲಿ ಅವು ಇರಲಿಲ್ಲ. ಆದರೂ ಇದ್ದವು. ಮೊಹರು ಹಾಕಿ ಕಾಪಾಡಿದ ಪೆಟ್ಟಿಗೆಯಲ್ಲಿ ಏನೂ ಸಿಗದೆ, ಪೆಟ್ಟಿಗೆಯ ಹೊರಗೆ ತಳ್ಳಿದ್ದರಲ್ಲಿ ಹೊಸ ತಲೆನೋವು ಸಿಕ್ಕಿತು. ಇದನ್ನು ಮೋಸ ಎನ್ನುವುದು ಅನ್ಯಾಯ, ಏಕೆಂದರೆ ಗೆರೆ ಏರಿಸಿದ್ದು ಚಿತ್ರ ನೋಡುವ ಮೊದಲು, ಮತ್ತು ಅದನ್ನು ಅವರೇ ಪ್ರಬಂಧದಲ್ಲಿ ಬರೆದಿದ್ದಾರೆ.

ಮಿನಿಬೂನ್ ನಿಲ್ಲಲಿಲ್ಲ. ಹಾರ್ನಿನಲ್ಲಿ ಹರಿಯುವ ವಿದ್ಯುತ್ತಿನ ದಿಕ್ಕು ತಿರುಗಿಸಿ ಪ್ರತಿ-ನ್ಯೂಟ್ರಿನೊಗಳನ್ನೂ ಅಳೆಯಿತು. 2010ರಲ್ಲಿ ಅಲ್ಲೂ ಸಣ್ಣ ಹೆಚ್ಚಳ, ಈ ಸಲ ಎಲ್‌ಎಸ್‌ಎನ್‌ಡಿಗೆ ಹೊಂದುವಂತೆ. 2019ರವರೆಗೆ ಓಡಿ ಮುಗಿದಾಗ ಎರಡೂ ಸೇರಿ ಹೆಚ್ಚಿನ ಘಟನೆಗಳು 638. ಅದು 4.8 ಸಿಗ್ಮಾ. ಎಲ್‌ಎಸ್‌ಎನ್‌ಡಿಯನ್ನೂ ಕೂಡಿಸಿದರೆ ಆರನ್ನು ದಾಟುತ್ತದೆ. ಸಂಖ್ಯೆಯ ಲೆಕ್ಕದಲ್ಲಿ ಇದು ಆವಿಷ್ಕಾರದ ಗಡಿ ದಾಟಿದ ಮಾತು.

ಹಾಗಿದ್ದೂ ಯಾರೂ ಹಾರ ತುರಾಯಿ ತರಲಿಲ್ಲ. ಕಾರಣ ಎರಡು. ನಾಲ್ಕನೆಯ ನ್ಯೂಟ್ರಿನೊ ಇರುವುದಾದರೆ ಮ್ಯೂಯಾನ್ ನ್ಯೂಟ್ರಿನೊಗಳು ಅದರೊಳಕ್ಕೆ ಸೇರಿ ಕಡಿಮೆಯಾಗಬೇಕು. ಫರ್ಮಿಲ್ಯಾಬ್‌ನದೇ ಮಿನೋಸ್ ಪ್ರಯೋಗ, ದಕ್ಷಿಣ ಧ್ರುವದ ಮಂಜಿನೊಳಗಿನ ಐಸ್‌ಕ್ಯೂಬ್, ಎರಡೂ ಹುಡುಕಿದವು. ಬೇಕಾದಷ್ಟು ಕಡಿಮೆಯಾದದ್ದು ಕಾಣಲಿಲ್ಲ. ಎರಡನೆಯ ಕಾರಣ ತೊಟ್ಟಿಯ ದೃಷ್ಟಿದೋಷ. ಎಣ್ಣೆಯಲ್ಲಿ ವೇಗವಾಗಿ ಹೋಗುವ ಕಣ ಬೆಳಕಿನ ಉಂಗುರ ಮೂಡಿಸುತ್ತದೆ. ಮ್ಯೂಯಾನಿನ ಉಂಗುರ ಸ್ಪಷ್ಟ, ಎಲೆಕ್ಟ್ರಾನಿನದು ಮಸಕು. ಆದರೆ ಗಾಮಾ ಕಿರಣ ಒಂದು ಎಣ್ಣೆಯೊಳಗೆ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗಿ ಒಡೆದರೆ ಅದರ ಉಂಗುರವೂ ಹಾಗೇ ಮಸಕು. ಮಿನಿಬೂನ್‌ಗೆ ಈ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಗಾಮಾ ಬರುವ ದಾರಿಗಳೋ ಹಲವು. ನ್ಯೂಟ್ರಿನೊ ಪರಮಾಣುವಿಗೆ ಬಡಿದಾಗ ತಟಸ್ಥ ಪಯಾನ್ ಹುಟ್ಟಿ, ಅದು ಎರಡು ಗಾಮಾ ಕಿರಣಗಳಾಗಿ ಒಡೆಯುತ್ತದೆ. ಎರಡರಲ್ಲಿ ಒಂದು ತಪ್ಪಿಸಿಕೊಂಡರೆ ಉಳಿದದ್ದು ಎಲೆಕ್ಟ್ರಾನಿನ ವೇಷದಲ್ಲಿ ಲೆಕ್ಕಕ್ಕೆ ಬಂದು ಕೂರುತ್ತದೆ. 638 ಘಟನೆಗಳು ನಿಜವಾಗಿ ಯಾವುವು ಎಂದು ಆ ತೊಟ್ಟಿಗೆ ಹೇಳಲು ಬರುವುದಿಲ್ಲ. ಇನ್ನೂ ಹತ್ತು ವರ್ಷ ಓಡಿಸಿದ್ದರೂ ಹೇಳುತ್ತಿರಲಿಲ್ಲ.

ಬೇಕಿದ್ದದ್ದು ಹೊಸ ಕಣ್ಣು. ಅದರ ಕಲ್ಪನೆ 1977ರಲ್ಲೇ ಕಾರ್ಲೊ ರುಬಿಯಾ ಕೊಟ್ಟದ್ದು. ಆರ್ಗಾನ್ ಅನಿಲವನ್ನು ಸೊನ್ನೆಗಿಂತ 186 ಡಿಗ್ರಿ ಕೆಳಕ್ಕೆ ತಣಿಸಿ ದ್ರವ ಮಾಡಿ, ಅದರಲ್ಲಿ ಬಲವಾದ ವಿದ್ಯುತ್ ಕ್ಷೇತ್ರ ಹಾಯಿಸುವುದು. ಕಣವೊಂದು ಹಾದುಹೋದ ದಾರಿಯುದ್ದಕ್ಕೂ ಆರ್ಗಾನಿನಿಂದ ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ಉದುರುತ್ತವೆ. ಕ್ಷೇತ್ರ ಅವನ್ನು ಎಳೆದು ತೊಟ್ಟಿಯ ಒಂದು ಬದಿಯ ತಂತಿಗಳ ಸಾಲಿಗೆ ತಂದು ಮುಟ್ಟಿಸುತ್ತದೆ. ಯಾವ ತಂತಿಗೆ, ಯಾವ ಕ್ಷಣದಲ್ಲಿ, ಎಷ್ಟು ಎಂದು ಬರೆದುಕೊಂಡರೆ ದಾರಿಯ ಚಿತ್ರವೇ ಸಿಗುತ್ತದೆ.

ಮೈಕ್ರೋಬೂನ್ ಹೀಗೆ ಹುಟ್ಟಿತು. ಮಿನಿಬೂನ್‌ನ ಅದೇ ನ್ಯೂಟ್ರಿನೊ ಕಿರಣದಲ್ಲಿ, 470 ಮೀಟರ್ ದೂರದಲ್ಲಿ, 170 ಟನ್ ದ್ರವ ಆರ್ಗಾನ್. ಮೂರು ಸಾಲುಗಳಲ್ಲಿ ಒಟ್ಟು 8,256 ತಂತಿಗಳು, ಒಂದಕ್ಕೊಂದು ಮೂರು ಮಿಲಿಮೀಟರ್ ಅಂತರ. ಚಿತ್ರದಲ್ಲಿ ನ್ಯೂಟ್ರಿನೊ ಬಡಿದ ಜಾಗದಿಂದ ಪ್ರೋಟಾನೊಂದು ಗಿಡ್ಡ ದಪ್ಪ ಗೆರೆಯಾಗಿ ಹೊರಟಿರುತ್ತದೆ. ಅದೇ ಬಿಂದುವಿನಿಂದ ಎಲೆಕ್ಟ್ರಾನ್ ಹೊರಟಿದ್ದರೆ ಅದರ ಗೆರೆ ಬಿಂದುವಿಗೆ ಅಂಟಿಕೊಂಡೇ ಶುರುವಾಗಿ, ಮುಂದೆ ಪೊರಕೆಯಾಗಿ ಕೆದರುತ್ತದೆ. ಗಾಮಾ ಆಗಿದ್ದರೆ ಹಾಗಲ್ಲ. ಗಾಮಾಗೆ ವಿದ್ಯುದಾವೇಶ ಇಲ್ಲದ್ದರಿಂದ ಅದು ಗುರುತು ಬಿಡದೆ ಕೆಲವು ಸೆಂಟಿಮೀಟರ್ ಸಾಗಿ, ಆಮೇಲೆ ಜೋಡಿಯಾಗಿ ಒಡೆಯುತ್ತದೆ. ಬಿಂದುವಿಗೂ ಪೊರಕೆಗೂ ನಡುವೆ ಖಾಲಿ ಜಾಗ. ಇನ್ನೂ ಅನುಮಾನವಿದ್ದರೆ ಪೊರಕೆಯ ಮೊದಲ ಕೆಲವು ಸೆಂಟಿಮೀಟರು ನೋಡಬೇಕು: ಒಂಟಿ ಎಲೆಕ್ಟ್ರಾನ್ ಪ್ರತಿ ಸೆಂಟಿಮೀಟರಿಗೆ 20 ಲಕ್ಷ ಎಲೆಕ್ಟ್ರಾನ್‌ವೋಲ್ಟಿನಷ್ಟು ಕಳೆದುಕೊಳ್ಳುತ್ತದೆ, ಜೋಡಿಯಾದರೆ ಅದರ ಎರಡರಷ್ಟು. ಎಣ್ಣೆಯ ತೊಟ್ಟಿ ಹದಿನೇಳು ವರ್ಷ ಓಡಿದರೂ ಹೇಳಲಾರದ್ದನ್ನು ಇಲ್ಲಿ ಪರದೆಯ ಮೇಲೆ ಬೆರಳಿಟ್ಟು ತೋರಿಸಬಹುದು. ಈ ಇಡೀ ಕತೆಯಲ್ಲಿ ನನಗೆ ನಿಜವಾದ ಆವಿಷ್ಕಾರ ಎನಿಸುವುದು ಇದೇ.

2015ರಿಂದ ಅಂಕಿ ಸಂಗ್ರಹ. ಇಲ್ಲೂ ಮುಖ್ಯ ಅಂಕಿಗಳಿಗೆ ಮುಚ್ಚಳ. ಒಂದೇ ತಂಡದೊಳಗೆ ಬೇರೆ ಬೇರೆ ಗುಂಪುಗಳು ಬೇರೆ ಬೇರೆ ವಿಧಾನದಲ್ಲಿ ವಿಶ್ಲೇಷಣೆ ಮಾಡಿದವು. 2021ರ ಅಕ್ಟೋಬರ್‌ನಲ್ಲಿ ಎರಡು ಕಂತಿನಲ್ಲಿ ಫಲಿತಾಂಶ ಬಂತು. ಮೊದಲ ಕಂತು ಗಾಮಾ ಬಗ್ಗೆ: ಎಲ್ಲರೂ ಮೊದಲು ಅನುಮಾನಪಟ್ಟಿದ್ದ, ಡೆಲ್ಟಾ ಎಂಬ ಕಣ ಒಡೆದು ಒಂಟಿ ಗಾಮಾ ಬರುವ ದಾರಿಯಲ್ಲಿ ಹೆಚ್ಚಳವಿಲ್ಲ. ಎರಡನೆಯದು ಎಲೆಕ್ಟ್ರಾನ್ ಬಗ್ಗೆ: ಅಲ್ಲೂ ಇಲ್ಲ. ಕಳ್ಳ ಈ ಕೋಣೆಯಲ್ಲಿಲ್ಲ, ಆ ಕೋಣೆಯಲ್ಲೂ ಇಲ್ಲ; ಮನೆಯಲ್ಲಿ ಸಾಮಾನು ಮಾತ್ರ ಕಾಣೆಯಾಗಿದೆ.

ಸ್ಟೆರೈಲ್ ನ್ಯೂಟ್ರಿನೊ ಪಕ್ಷದವರಿಗೆ ಒಂದು ಸಂದಿ ಉಳಿದಿತ್ತು. ಕಿರಣದಲ್ಲಿ ಹುಟ್ಟುವಾಗಲೇ ನೂರಕ್ಕೆ ಅರ್ಧದಷ್ಟು ಎಲೆಕ್ಟ್ರಾನ್ ನ್ಯೂಟ್ರಿನೊಗಳಿರುತ್ತವೆ. ನಾಲ್ಕನೆಯದು ಇದ್ದರೆ ಮ್ಯೂಯಾನ್ ನ್ಯೂಟ್ರಿನೊಗಳು ಎಲೆಕ್ಟ್ರಾನ್ ಬಗೆಯಾಗಿ ಸಂಖ್ಯೆ ಹೆಚ್ಚಬೇಕು. ಜೊತೆಗೇ ಮೂಲದ ಎಲೆಕ್ಟ್ರಾನ್ ನ್ಯೂಟ್ರಿನೊಗಳು ಮಾಯವಾಗಿ ಸಂಖ್ಯೆ ಇಳಿಯಬೇಕು. ಏರಿದ್ದಕ್ಕೂ ಇಳಿದದ್ದಕ್ಕೂ ಸರಿಹೋದರೆ ಏನೂ ನಡೆದಿಲ್ಲ ಎಂದೇ ಕಾಣುತ್ತದೆ. ಈ ಸಂದಿ ಮುಚ್ಚಲು ಮೈಕ್ರೋಬೂನ್ ತನ್ನ ಅದೃಷ್ಟವನ್ನು ಬಳಸಿಕೊಂಡಿತು. ಫರ್ಮಿಲ್ಯಾಬ್‌ನ ಇನ್ನೊಂದು ನ್ಯೂಟ್ರಿನೊ ಕಿರಣ, ನ್ಯೂಮಿ, ಬೇರೆ ಕಡೆಗೆ ಗುರಿಯಿಟ್ಟದ್ದಾದರೂ ಅದರ ಅಂಚು ಈ ತೊಟ್ಟಿಗೂ ತಾಗುತ್ತಿತ್ತು. ಅದರಲ್ಲಿ ಎಲೆಕ್ಟ್ರಾನ್ ನ್ಯೂಟ್ರಿನೊಗಳ ಪಾಲು ನೂರಕ್ಕೆ ನಾಲ್ಕೈದು. ಒಂದು ಕಿರಣದಲ್ಲಿ ಏರಿಳಿತ ಸರಿಹೋದರೂ ಇನ್ನೊಂದರಲ್ಲಿ ಸರಿಹೋಗಲಾರದು. ಎರಡನ್ನೂ ಒಟ್ಟಿಗೆ ಅಳೆದ ಫಲಿತಾಂಶ 2025ರ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು: ಎಲ್‌ಎಸ್‌ಎನ್‌ಡಿ ಮತ್ತು ಮಿನಿಬೂನ್ ಕಂಡದ್ದನ್ನು ಒಂದೇ ಒಂದು ಹಗುರ ಸ್ಟೆರೈಲ್ ನ್ಯೂಟ್ರಿನೊದಿಂದ ವಿವರಿಸಲಾಗದು, ಶೇ 95ರ ಭರವಸೆಯ ಮಟ್ಟದಲ್ಲಿ.

ಹಾಗಾದರೆ ಆ ಹೆಚ್ಚಳ ಏನು? ಮಿನಿಬೂನ್ ಮಟ್ಟಿಗೆ ನನ್ನ ಅಂದಾಜು, ನಾವು ಸರಿಯಾಗಿ ಎಣಿಸದ ಯಾವುದೋ ಗಾಮಾ ದಾರಿ. ಡೆಲ್ಟಾ ಒಂದನ್ನು ತಳ್ಳಿಹಾಕಿದ ಮಾತ್ರಕ್ಕೆ ಎಲ್ಲ ದಾರಿಗಳೂ ಮುಚ್ಚುವುದಿಲ್ಲ. ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯನ್ನು ನೇರವಾಗಿ ಉಗುಳುವ ಹೊಸ ಕಣಗಳ ಪಟ್ಟಿಯನ್ನೇ ಸಿದ್ಧಾಂತಿಗಳು ಹಿಡಿದುಕೊಂಡಿದ್ದಾರೆ, ಅದು ಅವರ ಕಸುಬು. ಆದರೆ ಲಾಸ್ ಅಲಾಮೋಸ್‌ನ 87.9 ಘಟನೆಗಳಿಗೆ ಗಾಮಾ ವಿವರಣೆ ಸುಲಭವಾಗಿ ಹೊಂದದು. ಅಲ್ಲಿ ಜೋಡಿ ಮಿಂಚು ಬೇಕು, ಹಿಂದೆ ನ್ಯೂಟ್ರಾನ್ ಇರಬೇಕು. ಎರಡೂ ಹೆಚ್ಚಳಕ್ಕೆ ಒಂದೇ ಕಾರಣ ಇರಬೇಕೆಂದು ಮೂವತ್ತು ವರ್ಷ ನಂಬಿಕೊಂಡದ್ದೇ ಹಾದಿ ತಪ್ಪಿಸಿತೇನೋ.

ಆ ಹಳೆಯ ಲೆಕ್ಕವನ್ನು ಅದೇ ವಿಧಾನದಲ್ಲಿ ಪರೀಕ್ಷಿಸಲು ಜಪಾನಿನ ಜೆ-ಪಾರ್ಕ್‌ನಲ್ಲಿ ಈಗ ಪ್ರಯೋಗವೊಂದು ನಡೆಯುತ್ತಿದೆ. ಪಾದರಸದ ಗುರಿಯಿಂದ 24 ಮೀಟರ್ ದೂರದಲ್ಲಿ, ನ್ಯೂಟ್ರಾನನ್ನು ಬೇಗ ಹಿಡಿಯಲು ಗಡೊಲಿನಿಯಂ ಬೆರೆಸಿದ 17 ಟನ್ ದ್ರವವಿದೆ. ಫರ್ಮಿಲ್ಯಾಬ್ ತಾನೂ ಸುಮ್ಮನಿಲ್ಲ. ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿ ಕೆಲಸ ಮುಗಿಸಿದ 760 ಟನ್ ಆರ್ಗಾನಿನ ಇಕಾರಸ್ ಯಂತ್ರವನ್ನು ಸರ್ನ್‌ನಲ್ಲಿ ದುರಸ್ತಿ ಮಾಡಿಸಿ, 2017ರಲ್ಲಿ ಹಡಗಿನಲ್ಲಿ ಅಟ್ಲಾಂಟಿಕ್ ದಾಟಿಸಿ ತಂದು 600 ಮೀಟರ್ ದೂರದಲ್ಲಿ ಇಳಿಸಿದೆ. ಗುರಿಯಿಂದ 110 ಮೀಟರ್ ದೂರದಲ್ಲಿ ಎಸ್‌ಬಿಎನ್‌ಡಿ ಎಂಬ ಇನ್ನೊಂದು ತೊಟ್ಟಿ 2024ರಿಂದ ನ್ಯೂಟ್ರಿನೊಗಳನ್ನು ನೋಡುತ್ತಿದೆ. ಬದಲಾಗುವ ಮೊದಲು ಎಷ್ಟಿದ್ದವು, ಬದಲಾದ ಮೇಲೆ ಎಷ್ಟು ಎಂದು ಒಂದೇ ಕಿರಣದಲ್ಲಿ, ಒಂದೇ ಬಗೆಯ ಎರಡು ಯಂತ್ರಗಳಿಂದ ಎಣಿಸುವುದು ಇದರ ಉದ್ದೇಶ. ಎಸ್‌ಬಿಎನ್‌ಡಿ ಒಂದರಲ್ಲೇ ದಿನಕ್ಕೆ ಸುಮಾರು ಏಳು ಸಾವಿರ ನ್ಯೂಟ್ರಿನೊಗಳು ಬಡಿಯುತ್ತವೆ.